ಚಳಿಗಾಲದ ಸುಗಂಧವೂ ಶ್ರಾವಕನ ಅಳತೆಯೂ

ಕೋಲಾರದಿಂದ ಮುಳಬಾಗಿಲಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರವೆಂಬ ಗ್ರಾಮವಿದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬಂಡೆಬೆಟ್ಟಗಳ ಸೀಮೆಯಲ್ಲಿ ಧನುರ್ಮಾಸದ ಬೆಳಗು ಮೈ ನಡುಗಿಸುವಂಥದು. ಬೆಂಗಳೂರಿನಿಂದ ಹೊರಟು ಚಿತ್ತೂರು, ವೇಲೂರುಗಳ ಮಾರ್ಗವಾಗಿ ತಮಿಳುನಾಡಿನ ಪೊನ್ನೂರು ಬೆಟ್ಟಕ್ಕೆ, ಶ್ರೀ ಕುಂದಕುಂದಾಚಾರ್ಯರ ತಪೋಭೂಮಿಗೆ, ಯಾತ್ರೆ ಹೋಗುವ ಶ್ರಾವಕ ಕುಟುಂಬವೊಂದು ಸೂರ್ಯೋದಯದ ನಂತರ ಬಿಸಿ ಹಾಲಿಗಾಗಿ ಇಲ್ಲಿ ಕಾರನ್ನು ನಿಲ್ಲಿಸಿತೆಂದು ಇಟ್ಟುಕೊಳ್ಳಬಹುದು. ಯಜಮಾನನು ಉಣ್ಣೆಯ ಕೋಟು ಧರಿಸಿದ್ದಾನೆ. ಅದಕ್ಕೆ ಅಗರು, ಶ್ರೀಗಂಧ, ದೇವದಾರುಗಳ ಗಾಢ ವಾಸನೆಯುಳ್ಳ, ಬಹು ಬೆಲೆಬಾಳುವ ಸೆಂಟನ್ನು ಹಚ್ಚಿಕೊಂಡಿದ್ದಾನೆ. ಕಂಬಳಿ ಹೊದ್ದು, ತಲೆಗೆ ಟವೆಲು ಸುತ್ತಿಕೊಂಡು ಬಸ್ಸಿಗಾಗಿ ಕಾದಿರುವ ಕೂಲಿಕಾರರು ಆತನನ್ನು ನೋಡುವ ಮೊದಲೇ ಅವನ ಪರಿಮಳ ಅವರನ್ನು ತಲುಪುತ್ತದೆ. ಒಬ್ಬರು ತಿರುಗಿ ನೋಡುತ್ತಾರೆ, ಇನ್ನೊಬ್ಬರು ಕೆಮ್ಮುತ್ತಾರೆ.

ಆ ಗೃಹಸ್ಥನು ಸುಳ್ಳಾಡಲಿಲ್ಲ, ಯಾರ ಸೊತ್ತನ್ನೂ ಅಪಹರಿಸಲಿಲ್ಲ, ಕಟುವಾದ ಮಾತನ್ನೂ ಆಡಲಿಲ್ಲ. ತನ್ನ ಹಣದಿಂದ ಕೊಂಡದ್ದನ್ನು ತನ್ನ ಮೈಗೆ ಹಚ್ಚಿಕೊಂಡಿದ್ದಾನೆ. ಇದರಲ್ಲಿ ಧರ್ಮವು ಕೇಳಬೇಕಾದ ಪ್ರಶ್ನೆ ಏನಾದರೂ ಇದೆಯೆ?

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಚಳಿಗಾಲದಲ್ಲಿ ಮರದ ಗಾಢ ಸುಗಂಧವನ್ನು ಬಯಸುವುದು ಪಾಶ್ಚಾತ್ಯರಿಂದ ಬಂದ ಹೊಸ ಚಾಳಿಯಲ್ಲ. ಚರಕಸಂಹಿತೆಯ ಋತುಚರ್ಯೆಯಲ್ಲಿ ಹೇಮಂತಕ್ಕೆ ಅಗರುಲೇಪನವನ್ನೂ ಗ್ರೀಷ್ಮಕ್ಕೆ ಚಂದನಲೇಪನವನ್ನೂ ವಿಧಿಸಲಾಗಿದೆ. ಅಗರು ಉಷ್ಣ, ಚಂದನ ಶೀತ ಎಂಬುದು ಆಯುರ್ವೇದದ ಮತ. ಇಂದಿನ ವಿಜ್ಞಾನವೂ ಬೇರೊಂದು ಕಾರಣವನ್ನು ಕೊಡುತ್ತದೆ. ಹೂವು ಹಣ್ಣುಗಳ ಲಘು ಸುವಾಸನೆ ಬೇಗ ಆವಿಯಾಗಿ ಹೋಗುತ್ತದೆ. ಮರ, ರಾಳ, ಬೇರುಗಳ ಗಂಧವು ಭಾರವಾದ ಕಣಗಳಿಂದ ಕೂಡಿದ್ದು ನಿಧಾನವಾಗಿ ಹೊರಬರುತ್ತದೆ. ಶೀತದಲ್ಲಿ ಆವಿಯಾಗುವಿಕೆ ಮತ್ತಷ್ಟು ಮಂದವಾಗುತ್ತದೆ. ಉಣ್ಣೆಯ ಬಟ್ಟೆಯು ಅದನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಸುಗಂಧವು ತಾನಾಗಿ ಪಾಪವೆಂದು ಜಿನಾಗಮವು ಹೇಳುವುದಿಲ್ಲ. ಸ್ಪರ್ಶ, ರಸ, ಗಂಧ, ವರ್ಣಗಳು ಪುದ್ಗಲದ ಗುಣಗಳು. ಅಷ್ಟದ್ರವ್ಯಗಳಲ್ಲಿ ಗಂಧಕ್ಕೂ ಧೂಪಕ್ಕೂ ಸ್ಥಾನವಿದೆ. ಆದರೆ ಪೂಜೆಯಲ್ಲಿ ಅರ್ಪಿಸುವ ಗಂಧವು ಸಂಸಾರತಾಪದ ಶಮನವನ್ನು ಕೋರಿ ತ್ಯಜಿಸುವ ದ್ರವ್ಯ. ಮೈಗೆ ಹಚ್ಚುವ ಗಂಧವು ತನಗಾಗಿ ಇಟ್ಟುಕೊಳ್ಳುವ ದ್ರವ್ಯ. ವಸ್ತು ಒಂದೇ ಆದರೂ ಭಾವ ಬೇರೆ. ಆದುದರಿಂದ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಮರ್ಥಿಸುವುದು ಸರಿಯಲ್ಲ.

ಎರಡನೆಯದಕ್ಕೆ ಆಚಾರ್ಯರು ನಿಷೇಧವನ್ನಲ್ಲ, ಪರಿಮಾಣವನ್ನು ವಿಧಿಸಿದರು. ಶ್ರೀ ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಒಮ್ಮೆ ಅನುಭವಿಸಿ ಬಿಡತಕ್ಕದ್ದನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸತಕ್ಕದ್ದನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಆಹಾರ, ವಾಹನ, ಶಯ್ಯೆ, ಸ್ನಾನ, ತಾಂಬೂಲ, ವಸ್ತ್ರ, ಆಭರಣಗಳ ಜೊತೆಯಲ್ಲಿ ಪವಿತ್ರವಾದ ಅಂಗರಾಗವನ್ನೂ ಮಿತಿಗೊಳಿಸಬೇಕಾದ ಪಟ್ಟಿಗೆ ಸೇರಿಸಿದ್ದಾರೆ. ಇದಕ್ಕಿಂತ ವಿಶೇಷವಾದುದು ಅವರು ಹೇಳಿದ ಕಾಲದ ಅಳತೆ. ಜೀವನಪರ್ಯಂತದ ತ್ಯಾಗ ಯಮವಾದರೆ, ಕಾಲಮಿತಿಯ ತ್ಯಾಗ ನಿಯಮ. ಆ ಕಾಲವು ಒಂದು ಹಗಲಾಗಬಹುದು, ಒಂದು ರಾತ್ರಿಯಾಗಬಹುದು. ಪಕ್ಷ, ಮಾಸ, ಋತು, ಅಯನವೂ ಆಗಬಹುದು. ಋತುವನ್ನು ನೋಡಿ ಸುಗಂಧವನ್ನು ಆರಿಸುವವನಿಗೆ, ಅದೇ ಋತುವನ್ನು ನೋಡಿ ಮಿತಿಯನ್ನೂ ಆರಿಸುವ ದಾರಿಯನ್ನು ಆಚಾರ್ಯರು ಅಂದೇ ತೆರೆದಿಟ್ಟಿದ್ದಾರೆ.

ಪರಿಮಾಣವನ್ನು ಮೊದಲೇ ಏಕೆ ನಿಶ್ಚಯಿಸಬೇಕು? ಆಯಾ ಸಮಯಕ್ಕೆ ತಕ್ಕಂತೆ ವಿವೇಕದಿಂದ ಬಳಸಿದರೆ ಸಾಲದೆ? ಸುಗಂಧವು ಈ ಪ್ರಶ್ನೆಗೆ ಉತ್ತರವನ್ನು ತನ್ನಲ್ಲಿಯೇ ಇಟ್ಟುಕೊಂಡಿದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಘ್ರಾಣೇಂದ್ರಿಯವು ಅದಕ್ಕೆ ಒಗ್ಗಿಹೋಗಿ, ಅದನ್ನು ಗ್ರಹಿಸುವುದನ್ನೇ ಕಡಿಮೆ ಮಾಡುತ್ತದೆ. ಹಚ್ಚಿಕೊಂಡವನಿಗೆ ತನ್ನ ಪರಿಮಳ ಮಾಯವಾದಂತೆ ತೋರುತ್ತದೆ. ಎದುರಿಗಿರುವವನಿಗೆ ಅದು ಹಾಗೆಯೇ ಇರುತ್ತದೆ. ಚಳಿಯಲ್ಲಿ ವಾಸನೆ ನಿಧಾನವಾಗಿ ಏಳುವುದರಿಂದ, ನೆಗಡಿಯಿಂದ ಮೂಗು ಕಟ್ಟುವುದರಿಂದ, ಸಾಲದೆಂದು ಮತ್ತೊಮ್ಮೆ ಹಚ್ಚುತ್ತಾನೆ. ಅನಂತರ ಬೆಚ್ಚಗಿನ ಮುಚ್ಚಿದ ಕೊಠಡಿಯನ್ನು ಹೊಕ್ಕಾಗ ಮೈಯಿಂದಲೂ ಕೋಟಿನಿಂದಲೂ ಎಲ್ಲವೂ ಒಮ್ಮೆಗೇ ಹೊರಹೊಮ್ಮುತ್ತದೆ. ಅಷ್ಟು ಹೊತ್ತಿಗೆ ಅದನ್ನು ತಿಳಿಯುವ ಶಕ್ತಿ ಅವನ ಮೂಗಿಗೇ ಇರುವುದಿಲ್ಲ.

ಭಾರವಿಟ್ಟೊಡನೆ ತನ್ನ ಮುಳ್ಳನ್ನೇ ಬದಲಿಸುವ ತಕ್ಕಡಿಯನ್ನು ಯಾವ ವರ್ತಕನೂ ಅಂಗಡಿಯಲ್ಲಿಡುವುದಿಲ್ಲ. ಭೋಗದಲ್ಲಿ ತೊಡಗಿದ ಇಂದ್ರಿಯವು ಅಂತಹ ತಕ್ಕಡಿ. ಅದು ಭೋಗವನ್ನು ಅನುಭವಿಸಬಲ್ಲದು, ಅಳೆಯಲಾರದು. ಆದುದರಿಂದಲೇ ಅಳತೆಯು ಭೋಗಕ್ಕೆ ಮೊದಲು, ಶಾಂತಚಿತ್ತದಲ್ಲಿ, ನಿಯಮರೂಪವಾಗಿ ನಿಶ್ಚಿತವಾಗಬೇಕು. ಸುಗಂಧದ ವಿಷಯದಲ್ಲಿ ಕಣ್ಣಿಗೆ ಕಾಣುವ ಈ ತತ್ತ್ವವು ಧನಕ್ಕೂ ಮನೆಗೂ ಊಟಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಅಳತೆಯಷ್ಟೇ ಮುಖ್ಯವಾದುದು ಮೂಲದ ವಿಚಾರ. ಆಚಾರ್ಯರ ಪಟ್ಟಿಯಲ್ಲಿರುವ ‘ಪವಿತ್ರ’ ಎಂಬ ವಿಶೇಷಣವನ್ನು ಇಲ್ಲಿ ಅಲಕ್ಷಿಸುವಂತಿಲ್ಲ. ಕಸ್ತೂರಿಯು ಗಂಡು ಕಸ್ತೂರಿಮೃಗದ ಗ್ರಂಥಿಯಿಂದ ಬರುತ್ತದೆ. ಸುಮಾರು 25 ಗ್ರಾಂ ದ್ರವ್ಯಕ್ಕಾಗಿ ಒಂದು ಪಂಚೇಂದ್ರಿಯ ಜೀವಿಯನ್ನು ಕೊಲ್ಲುವ ವ್ಯಾಪಾರ ಬಹುಕಾಲ ನಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ನಿಷೇಧಿಸಿದೆ. ಪುನುಗು ಬೆಕ್ಕನ್ನು ಪಂಜರದಲ್ಲಿಟ್ಟು ತೆಗೆಯುವ ಪುನುಗೂ ಇದೇ ಜಾತಿಗೆ ಸೇರಿದುದು. ಸಂಕಲ್ಪಪೂರ್ವಕ ತ್ರಸಹಿಂಸೆಯನ್ನು ತ್ಯಜಿಸಿದ ಶ್ರಾವಕನಿಗೆ ಇವು ಹನಿಯಷ್ಟೂ ಸಲ್ಲವು.

ಮರದ ಸುಗಂಧವಾದರೋ ಏಕೇಂದ್ರಿಯ ಜೀವದ್ದು. ಗೃಹಸ್ಥನು ಅದನ್ನು ಪೂರ್ಣವಾಗಿ ವರ್ಜಿಸಲಾರ. ಆದರೆ ಅದರ ಬೆಲೆ ಏನೆಂಬುದನ್ನು ಅರಿತಿರಬೇಕು. ಅಗರು ಮರವು ಗಾಯಗೊಂಡು ಶಿಲೀಂಧ್ರದ ಸೋಂಕು ತಗುಲಿದಾಗ ತನ್ನ ರಕ್ಷಣೆಗಾಗಿ ಒಸರುವ ರಾಳವೇ ಆ ಸುಗಂಧ. ಅದನ್ನರಸಿ ಕಾಡಿನ ಮರಗಳನ್ನು ಮಿತಿಮೀರಿ ಕಡಿದುದರಿಂದ 1995ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ವಿಧಿಸಬೇಕಾಯಿತು. ಶ್ರೀಗಂಧದ ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದಕ್ಕಾಗಿ ಮರವನ್ನು ಬುಡಸಹಿತ ಕೀಳುತ್ತಾರೆ. 1916ರಲ್ಲಿ ಮೈಸೂರು ಸಂಸ್ಥಾನವು ಅದರ ಎಣ್ಣೆಯನ್ನು ತಾನೇ ತಯಾರಿಸತೊಡಗಿ ನಾಡಿಗೆ ಕೀರ್ತಿ ತಂದಿತು. ಅದೇ ಮರವು 1998ರಲ್ಲಿ ಅಪಾಯದ ಅಂಚಿಗೆ ಸಾಗುತ್ತಿರುವ ಪ್ರಭೇದಗಳ ಪಟ್ಟಿಯನ್ನು ಸೇರಿತು. ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನಲ್ಲಿರುವ ಶ್ರೀಗಂಧದ ಮರವು ಜಮೀನಿನ ಒಡೆಯನದೇ ಆಗಿದೆ. ಕೋಲಾರ ಸೀಮೆಯ ಒಣಭೂಮಿಯಲ್ಲಿಯೂ ರೈತರು ಅದನ್ನು ಬೆಳೆಸುತ್ತಿದ್ದಾರೆ, ಕಳ್ಳರಿಂದ ಕಾಯುವ ಕಷ್ಟವನ್ನೂ ಅನುಭವಿಸುತ್ತಿದ್ದಾರೆ. ಕದ್ದ ಮಾಲನ್ನು ಕೊಳ್ಳುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರವೆಂದು ಎಣಿಸುತ್ತದೆ. ಅಗ್ಗವಾಗಿ ದೊರೆತ ಗಂಧದೆಣ್ಣೆ ಎಲ್ಲಿಂದ ಬಂದಿತೆಂದು ಕೇಳದ ವರ್ತಕನೂ ಗ್ರಾಹಕನೂ ಈ ದೋಷಕ್ಕೆ ದೂರವಿಲ್ಲ.

ಕೃತಕ ಸುಗಂಧವಾದರೆ ಬಾಧೆಯಿಲ್ಲವಲ್ಲವೆ ಎಂದು ಕೆಲವರು ಕೇಳುತ್ತಾರೆ. 1888ರಲ್ಲಿ ಜರ್ಮನಿಯ ಆಲ್ಬರ್ಟ್ ಬೌರ್ ಎಂಬ ವಿಜ್ಞಾನಿಯು ಕೃತಕ ಕಸ್ತೂರಿಯನ್ನು ಕಂಡುಹಿಡಿದನು. ಅಂತಹ ದ್ರವ್ಯಗಳಿಂದ ಮೃಗಗಳ ಪ್ರಾಣ ಉಳಿಯುವುದಾದರೆ ಅದು ಸಂತೋಷದ ಸಂಗತಿಯೇ. ಮೂಲದ ಪ್ರಶ್ನೆಯು ಅಲ್ಲಿ ಬಹುಮಟ್ಟಿಗೆ ಪರಿಹಾರವಾಗುತ್ತದೆ. ರಾಗದ ಪ್ರಶ್ನೆಯಾಗಲಿ, ಪರರ ಪ್ರಶ್ನೆಯಾಗಲಿ ಪರಿಹಾರವಾಗುವುದಿಲ್ಲ. ಒಬ್ಬನು ಉಟ್ಟ ಬಟ್ಟೆಯನ್ನು ನೋಡದೆ ಕಣ್ಣು ಮುಚ್ಚಬಹುದು. ಅವನ ಪರಿಮಳವನ್ನು ಬೇಡವೆನ್ನಲು ಉಸಿರನ್ನು ಬಿಡಲಾಗುವುದಿಲ್ಲ. ಉಬ್ಬಸದ ರೋಗಿಗೆ ಅದು ನಿಜವಾದ ಪೀಡೆ. ಅಗತ್ಯಕ್ಕೆ ಮೀರಿದ ಭೋಗೋಪಭೋಗ ಸಾಮಗ್ರಿಯನ್ನು ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಸೇರಿಸಿದುದರ ಔಚಿತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಋತುವಿನ ಆರಂಭದಲ್ಲಿಯೇ ನಿಯಮ ಕೈಗೊಳ್ಳಬಹುದು: ಪ್ರಾಣಿಜನ್ಯವಾದುದು ಎಂದಿಗೂ ಇಲ್ಲ, ಒಂದು ಬಾಟಲಿ ಮುಗಿಯುವವರೆಗೆ ಇನ್ನೊಂದಿಲ್ಲ, ದಿನಕ್ಕೆ ಒಂದೇ ಬಾರಿ, ಇಷ್ಟೇ ಹನಿ, ಬಸದಿಗೂ ರೋಗಿಯ ಬಳಿಗೂ ಹೋಗುವಾಗ ಇಲ್ಲ. ಉಪವಾಸದ ದಿನ ಗಂಧ ಪುಷ್ಪಗಳ ತ್ಯಾಗವನ್ನು ಶಾಸ್ತ್ರವೇ ವಿಧಿಸಿರುವುದರಿಂದ ಅಷ್ಟಮಿ ಚತುರ್ದಶಿಗಳ ಪ್ರೋಷಧದಲ್ಲಿಯೂ ಇಲ್ಲ. ಬಸದಿಯ ಆಡಳಿತ ಮಂಡಳಿಗಳು ತಾವು ಕೊಳ್ಳುವ ಗಂಧ, ಧೂಪಗಳ ಮೂಲವನ್ನು ವಿಚಾರಿಸಿ ಕೊಳ್ಳುವ ಪದ್ಧತಿಯನ್ನು ಇಟ್ಟುಕೊಂಡರೆ ಸಮಾಜಕ್ಕೆ ಮೇಲ್ಪಂಕ್ತಿಯಾಗುತ್ತದೆ.

ದೇವರಾಯಸಮುದ್ರದಿಂದ ಹೊರಟ ಆ ಕುಟುಂಬವು ಪೊನ್ನೂರು ಬೆಟ್ಟವನ್ನೇರಿ ಕುಂದಕುಂದಾಚಾರ್ಯರ ಪಾದಗಳ ಮುಂದೆ ನಿಲ್ಲುತ್ತದೆ. ಅಸ್ನಾನವನ್ನು ಮೂಲಗುಣವಾಗಿ ಪಾಲಿಸಿ, ಶೀತಪರೀಷಹವನ್ನು ದಿಗಂಬರ ದೇಹದಿಂದ ಸಹಿಸಿದ ಮುನಿಪರಂಪರೆಯ ಸ್ಮಾರಕವದು. ಗೃಹಸ್ಥನು ಆ ಎತ್ತರವನ್ನು ಇಂದೇ ಮುಟ್ಟಬೇಕೆಂದು ಯಾರೂ ಹೇಳುವುದಿಲ್ಲ. ಉಣ್ಣೆಯ ಕೋಟನ್ನು ಬಿಡಬೇಕಾಗಿಯೂ ಇಲ್ಲ. ಆದರೆ ನಮಸ್ಕರಿಸಲು ಬಾಗಿದಾಗ ಆ ಕೋಟಿನಿಂದ ಏಳುವ ಪರಿಮಳವು ಪಕ್ಕದಲ್ಲಿ ಧ್ಯಾನಕ್ಕೆ ಕುಳಿತವರ ಚಿತ್ತವನ್ನು ಕಲಕಿದರೆ, ಯಾತ್ರೆಗೆ ಹೊರಡುವ ಮೊದಲು ಮಾಡಬೇಕಿದ್ದ ಅಳತೆಯೊಂದು ಮನೆಯಲ್ಲಿಯೇ ಉಳಿದುಹೋಯಿತೆಂದು ತಿಳಿಯಬೇಕು.