ಪಕ್ಕದ ಬಣ್ಣ

ರಸಾಯನವಿಜ್ಞಾನಿ ಮಿಷೆಲ್ ಯೂಜೀನ್ ಷೆವ್ರೂಲ್ 1824ರಲ್ಲಿ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣ ಹಾಕುವ ವಿಭಾಗಕ್ಕೆ ಮುಖ್ಯಸ್ಥನಾದ. ಅಲ್ಲಿ ಅವನೆದುರು ಬಂದ ದೂರುಗಳಲ್ಲಿ ಒಂದು, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಎಂಬುದು. ಬೇರೆ ಊರುಗಳ ಕಪ್ಪು ಉಣ್ಣೆಯ ಜೊತೆ ಹೋಲಿಸಿ ನೋಡಿದರೆ ತಮ್ಮದರಲ್ಲಿ ಕೊರತೆಯೇನೂ ಕಾಣಲಿಲ್ಲ. ನೀಲಿ, ನೇರಳೆಗಳ ಪಕ್ಕದಲ್ಲಿ ನೇಯ್ದಾಗ ಮಾತ್ರ ಅದು ಮಂಕಾಗುತ್ತಿತ್ತು. ದೋಷ ಬಣ್ಣದ ಬಾನಿಯಲ್ಲಿರಲಿಲ್ಲ, ನೆರೆಯಲ್ಲಿತ್ತು.

ಇದನ್ನೇ ಬೆಳೆಸಿ ಅವನು 1839ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ. ಅಕ್ಕಪಕ್ಕದ ಬಣ್ಣಗಳು ತಮ್ಮ ನಡುವಿನ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುತ್ತವೆ. ಕೆಂಪಿನ ನಡುವೆ ಇಟ್ಟ ಬೂದು ಚೂರು ತುಸು ಹಸಿರಾಗಿ ಕಾಣುತ್ತದೆ. ಬಿಳುಪಿನ ಪಕ್ಕದಲ್ಲಿ ಅದೇ ಬೂದು ಇನ್ನಷ್ಟು ಕಪ್ಪಾಗುತ್ತದೆ.

ಈ ನಿಯಮ ನಮ್ಮ ಮನೆಗಳಿಗೆ ಪುಸ್ತಕವಿಲ್ಲದೆಯೇ ಗೊತ್ತು. ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ, ನನಗಿಂತ ಬೆಳ್ಳಗಿದ್ದ ತಂಗಿಯನ್ನು ಬೆಳಿಗ್ಗೆಯೇ ದೊಡ್ಡಮ್ಮನ ಮನೆಗೆ ಕಳಿಸುತ್ತಿದ್ದರು. ಇದು ಮೋಸವೇ? ಹೌದೆನ್ನಬೇಕಾದರೆ ತಂಗಿಯ ಪಕ್ಕದಲ್ಲಿ ಕಂಡ ಬಣ್ಣವೇ ನನ್ನ ನಿಜವಾದ ಬಣ್ಣ ಎಂದು ಒಪ್ಪಬೇಕು. ಒಬ್ಬಳೇ ಕೂತಾಗ ಕಂಡದ್ದೇ ನಿಜವೆನ್ನೋಣವೆಂದರೆ, ಬೆನ್ನ ಹಿಂದೆ ಸುಣ್ಣದ ಗೋಡೆಯಿತ್ತು, ಮೈಮೇಲೆ ಅಮ್ಮ ಆರಿಸಿದ ಸೀರೆಯಿತ್ತು. ನೆರೆಯಿಲ್ಲದ ಬಣ್ಣವನ್ನು ಯಾರೂ ಕಂಡಿಲ್ಲ.

ಹಾಗಾದರೆ ‘ಯಾರನ್ನೂ ಯಾರಿಗೂ ಹೋಲಿಸಬೇಡಿ’ ಎಂಬ ಬುದ್ಧಿಮಾತು ಕಣ್ಣಿನ ಮಟ್ಟಿಗೆ ನಡೆಯದ ಮಾತು. ಹೋಲಿಸದೆ ನೋಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಇಲ್ಲಿ ಎರಡು ಕೆಲಸಗಳು ಒಂದರೊಳಗೊಂದು ಸೇರಿಕೊಂಡಿವೆ. ಇವಳು ಅವಳಿಗಿಂತ ಕಪ್ಪು ಎಂದು ತೋರಿಸುವುದು ಕಣ್ಣು. ಆದ್ದರಿಂದ ಇವಳು ಕಡಿಮೆ ಎನ್ನುವುದು ಕಣ್ಣಲ್ಲ. ಷೆವ್ರೂಲ್‌ನ ನಿಯಮದಲ್ಲಿ ಯಾವ ಬಣ್ಣಕ್ಕೂ ದರ್ಜೆಯಿಲ್ಲ. ಬಿಳುಪು ಕಪ್ಪನ್ನು ಎತ್ತಿ ತೋರಿಸಿದಷ್ಟೇ ಕಪ್ಪೂ ಬಿಳುಪನ್ನು ಎತ್ತಿ ತೋರಿಸುತ್ತದೆ. ದರ್ಜೆಯನ್ನು ಹೊರಗಿನಿಂದ ತಂದು ಸೇರಿಸಿದವರು ನಾವು, ಅದಕ್ಕೆ ಉತ್ತರ ಹೇಳಬೇಕಾದವರೂ ನಾವೇ.

ತಂಗಿಯನ್ನು ಆಚೆ ಕಳಿಸಿದ್ದರಲ್ಲಿ ನನಗೆ ನೋಯುವುದು ಮರೆಮಾಚಿದ್ದಲ್ಲ. ಅಳೆಯುವವರ ಕೋಲು ಸರಿಯಾಗಿದೆ ಎಂದು ನಮ್ಮವರೂ ಒಪ್ಪಿಕೊಂಡು, ಆ ಕೋಲಿಗೆ ನಾನು ಸಿಗದಂತೆ ನೋಡಿಕೊಂಡರಲ್ಲ, ಅದು.