ಬಿಡಾರವೇ ಬೇರೆ, ಗಡಿಪಾರೇ ಬೇರೆ

‘ನಮ್ಮ ದೇಶದಲ್ಲೇ ನಾವು ಪರದೇಶಿಗಳಾದೆವು’ ಎಂಬ ಗೋಳು ಐರ್ಲೆಂಡಿನ ಕಥೋಲಿಕರಲ್ಲಿ ಈಗ ಮಾಮೂಲು. 1995ರಲ್ಲಿ ವಿಚ್ಛೇದನ, 2015ರಲ್ಲಿ ಸಲಿಂಗ ವಿವಾಹ, 2018ರಲ್ಲಿ ಗರ್ಭಪಾತ: ಮೂರು ಜನಮತಗಣನೆಯಲ್ಲೂ ಚರ್ಚಿನ ಮಾತು ಸೋತಿತು. ಆದರೆ 2022ರ ಜನಗಣತಿಯಲ್ಲಿ ನೂರಕ್ಕೆ 69 ಮಂದಿ ತಾವು ಕಥೋಲಿಕರೆಂದೇ ಬರೆಸಿದ್ದಾರೆ. ಅವರಲ್ಲಿ ಎಷ್ಟು ಜನ ಭಾನುವಾರದ ಬಲಿಪೂಜೆಗೆ ಹೋಗುತ್ತಾರೆ ಎಂಬುದು ಬೇರೆ ಮಾತು. ನೂರರಲ್ಲಿ 69 ಮಂದಿ ಪರದೇಶಿಗಳಾಗುವುದಾದರೂ ಹೇಗೆ? ಅವರ ಕೈತಪ್ಪಿದ್ದು ನೆಲೆಯಲ್ಲ, ಯಜಮಾನಿಕೆ. ಆ ಸಂಕಟಕ್ಕೆ ಒಂದು ಹಳೆಯ, ಘನವಾದ ಪದವನ್ನು ಹೊದಿಸುವುದು ನನಗೆ ಸರಿಕಾಣುವುದಿಲ್ಲ.

ಆ ಪದ ಬೈಬಲಿನದು. ಪೇತ್ರನ ಮೊದಲ ಪತ್ರ ಏಷ್ಯಾ ಮೈನರಿನ ವಿಶ್ವಾಸಿಗಳನ್ನು ‘ಪಾರೊಯ್ಕೊಸ್’ ಎಂದು ಕರೆಯುತ್ತದೆ. ಗ್ರೀಕ್ ಪದವನ್ನು ಬಿಡಿಸಿದರೆ ಮನೆಯ ಪಕ್ಕದವನು ಎಂದಾಗುತ್ತದೆ. ಊರಿನಲ್ಲಿ ವಾಸ, ಊರಿನಲ್ಲೇ ವ್ಯಾಪಾರ, ಆದರೆ ಪೌರನ ಹಕ್ಕಿಲ್ಲ. ಕನ್ನಡದಲ್ಲಿ ಇದಕ್ಕೆ ‘ಪರದೇಶಿ’ ಎಂದರೆ ಕೆಡುತ್ತದೆ. ದಿಕ್ಕಿಲ್ಲದವರನ್ನು ಕಂಡಾಗ ‘ಪಾಪ, ಪರದೇಶಿ ಮುಂಡೇದು’ ಎಂದು ಮರುಗುವ ಭಾಷೆ ನಮ್ಮದು. ಪೇತ್ರ ಯಾರನ್ನೂ ಹಾಗೆ ಮರುಗುತ್ತಿಲ್ಲ. ಹತ್ತಿರದ ಪದ ಬೇಕಾದರೆ ‘ಬಿಡಾರ’. ಇಂಗ್ಲಿಷಿನ ‘ಪ್ಯಾರಿಷ್’ ಹುಟ್ಟಿದ್ದು ಈ ಗ್ರೀಕ್ ಬೇರಿನಿಂದಲೇ. ಅಂದರೆ ಊರಿನ ನಟ್ಟನಡುವೆ ಗೋಪುರ ಎತ್ತಿ ನಿಂತ ಚರ್ಚು ಕೂಡ ಹೆಸರಿನಲ್ಲಿ ಬಿಡಾರವೇ. ಕನ್ನಡ ಕಥೋಲಿಕರು ಪ್ಯಾರಿಷ್‌ಗೆ ‘ಧರ್ಮಕೇಂದ್ರ’ ಎನ್ನುತ್ತಾರೆ. ಬಿಡಾರ ಹೋಗಿ ಕೇಂದ್ರ ಬಂತು!

ಗಡಿಪಾರಾದವನ ಕಣ್ಣೆಲ್ಲ ಕಳೆದುಕೊಂಡ ಊರಿನ ಮೇಲೆ. ಈಗಿರುವ ಊರಿನ ಕೆರೆ ತುಂಬಿದರೂ ಒಂದೇ, ಬತ್ತಿದರೂ ಒಂದೇ. ಬಿಡಾರದವನಿಗೂ ತನ್ನ ಮನೆ ಬೇರೆಡೆ ಇದೆ ಎಂಬುದು ಗೊತ್ತು. ಆದರೂ ಬಾಡಿಗೆ ಕೊಡುತ್ತಾನೆ, ಅಂಗಳ ಗುಡಿಸುತ್ತಾನೆ, ಕೆರೆಯ ಹೂಳಿನ ಬಗ್ಗೆ ಊರವರಷ್ಟೇ ತಲೆಕೆಡಿಸಿಕೊಳ್ಳುತ್ತಾನೆ. ಕುಡಿಯುವುದು ಅದೇ ನೀರು ತಾನೆ? 410ರಲ್ಲಿ ರೋಮ್ ಲೂಟಿಯಾದಾಗ ಹಳೆಯ ದೇವರುಗಳನ್ನು ಬಿಡಿಸಿದ ಕ್ರೈಸ್ತರೇ ಇದಕ್ಕೆ ಕಾರಣ ಎಂಬ ಕೂಗೆದ್ದಿತು. ಅದಕ್ಕೆ ಉತ್ತರವಾಗಿ ಅಗಸ್ಟೀನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೂತು ‘ದೇವನಗರ’ ಬರೆದ. ದೇವರ ನಗರ, ಮನುಷ್ಯರ ನಗರ ಎರಡೂ ಕಡೆಯ ದಿನದವರೆಗೆ ಕಲಸಿಕೊಂಡೇ ಇರುತ್ತವೆ. ಯಾತ್ರಿಕನಿಗೂ ಈ ಲೋಕದ ಶಾಂತಿ ಬೇಕು, ಅದನ್ನು ಅವನೂ ಕಾಯಬೇಕು ಎಂಬುದು ಅಗಸ್ಟೀನನ ವಾದ.

ಈ ಕಲಸುಮೇಲೋಗರವೇ ಅಮೆರಿಕದ ರಾಡ್ ಡ್ರೆಹರ್ ಅವರಿಗೆ ಸಹಿಸದ್ದು. 2017ರ ‘ದಿ ಬೆನೆಡಿಕ್ಟ್ ಆಪ್ಷನ್’ ಪುಸ್ತಕದಲ್ಲಿ ಅವರು ಸಂಸ್ಕೃತಿಯ ಕದನದಲ್ಲಿ ನಾವು ಸೋತೆವು, ಮಠ ಕಟ್ಟಿದ ಸಂತ ಬೆನೆಡಿಕ್ಟನಂತೆ ನಮ್ಮದೇ ಗಟ್ಟಿ ಸಮುದಾಯಗಳನ್ನು ಕಟ್ಟೋಣ ಎನ್ನುತ್ತಾರೆ. (ಅವರೇ 2006ರಲ್ಲಿ ಕಥೋಲಿಕ ಸಭೆ ಬಿಟ್ಟು ಆರ್ಥಡಾಕ್ಸ್ ಸಭೆಗೆ ಸೇರಿದವರು.) ಓಡಿಹೋಗಿ ಎಂದು ತಾನು ಹೇಳುತ್ತಿಲ್ಲ ಎಂದೂ ಸೇರಿಸುತ್ತಾರೆ. ಇರಲಿ. ಆದರೆ ಬೆನೆಡಿಕ್ಟನ ನಿಯಮಾವಳಿಯಲ್ಲಿ ಬಾಗಿಲು ಕಾಯುವವನಿಗೇ ಒಂದು ಅಧ್ಯಾಯವಿದೆ, 66ನೆಯದು. ಅಲ್ಲಿ ಬಾಗಿಲಲ್ಲಿ ಕೂರಬೇಕಾದವನು ತಿಳಿವಳಿಕೆಯುಳ್ಳ ಮುದುಕ. ಯಾರೇ ತಟ್ಟಲಿ, ಬಡವ ಕೂಗಲಿ, ಮೊದಲು ದೇವರಿಗೆ ವಂದನೆ ಹೇಳಿ ಓಗೊಡಬೇಕು. 61ನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ದೂರದಿಂದ ಬಂದ ಸಂನ್ಯಾಸಿ ಮಠದ ಲೋಪವನ್ನು ವಿನಯದಿಂದ ಎತ್ತಿ ತೋರಿಸಿದರೆ, ದೇವರು ಅವನನ್ನು ಅದಕ್ಕೆಂದೇ ಕಳಿಸಿರಬಹುದೇ ಎಂದು ಮಠಾಧಿಪತಿ ಯೋಚಿಸಬೇಕು. ಡ್ರೆಹರ್ ಕೈಗೆ ಸಿಕ್ಕಿದ್ದು ಗೋಡೆ. ಬೆನೆಡಿಕ್ಟ್ ಚಿಂತಿಸಿದ್ದು ಬಾಗಿಲು.

ಬಿಡಾರದ ಬದುಕು ಹೇಗಿರುತ್ತದೆ ಎಂದರೆ ನಾನು ತೋರಿಸುವುದು ನ್ಯೂಯಾರ್ಕಿನ ಡೊರೊತಿ ಡೇ ಅವರನ್ನು. ಎಡಪಂಥೀಯ ಪತ್ರಕರ್ತೆಯಾಗಿದ್ದ ಆಕೆ 1927ರಲ್ಲಿ ಕಥೋಲಿಕರಾದಾಗ ಮಗಳ ತಂದೆಯೊಂದಿಗಿನ ಬಾಳು ಮುರಿಯಿತು, ಹಳೆಯ ಗೆಳೆಯರಿಗೆ ಆಕೆ ಒಗಟಾದರು. ಆದರೂ ಆ ಬೀದಿಗಳನ್ನು ಬಿಡಲಿಲ್ಲ. 1933ರ ಮೇ 1ರಂದು, ಕಾರ್ಮಿಕರ ಮೆರವಣಿಗೆಯ ದಿನವೇ, ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯನ್ನು ಒಂದು ಸೆಂಟಿಗೆ ಮಾರಲು ತಂದರು. ಹಿಂದೆಯೇ ಹಸಿದವರಿಗೆ ಗಂಜಿ, ಮನೆಯಿಲ್ಲದವರಿಗೆ ಹಾಸಿಗೆ. ದೇಶವೆಲ್ಲ ಯುದ್ಧ ಎಂದಾಗ ಆಕೆ ಬೇಡ ಎಂದರು. 1960ರ ದಶಕದಲ್ಲಿ ಯುದ್ಧ ಬೇಡವೆಂದು ಆಕೆಯ ಮನೆಗೆ ಬಂದ ಹುಡುಗರ ಲೈಂಗಿಕ ಸ್ವಚ್ಛಂದಕ್ಕೂ ಬೇಡ ಎಂದರು. ಅವರಿಗೆ ಆಕೆ ಹಳೇ ಕಾಲದ ಅಜ್ಜಿಯಾಗಿ ಕಂಡಿರಬೇಕು. ಎರಡೂ ಕಡೆಗೆ ಹೊರಗಿನವರಾದರೂ ಮನೆಯ ಬಾಗಿಲು ಮುಚ್ಚಲಿಲ್ಲ.

ಸ್ವಂತ ಸಭೆಯೊಳಗೂ ಹೀಗೇ. 1949ರಲ್ಲಿ ಕಥೋಲಿಕರದೇ ಆದ ಕ್ಯಾಲ್ವರಿ ಸ್ಮಶಾನದ ಗುಂಡಿ ತೋಡುವವರು ಮುಷ್ಕರ ಹೂಡಿದಾಗ ನ್ಯೂಯಾರ್ಕಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಸ್ಪೆಲ್‌ಮನ್ ಗುರುಮಠದ ವಿದ್ಯಾರ್ಥಿಗಳಿಂದ ಗುಂಡಿ ತೋಡಿಸಿದರು. ಡೊರೊತಿ ಡೇ ನಿಂತದ್ದು ಕಾರ್ಮಿಕರ ಪಕ್ಕ. ಕೂಲಿಯವರ ಬಳಿಗೆ ನೀವೇ ಹೋಗಿ ಎಂದು ಕಾರ್ಡಿನಲ್‌ಗೆ ಪತ್ರವನ್ನೂ ಬರೆದರು. ಮುಷ್ಕರ ಸೋತಿತು. ಎರಡು ವರ್ಷದ ಮೇಲೆ, ಪತ್ರಿಕೆಯ ಹೆಸರಿನಿಂದ ‘ಕ್ಯಾಥೊಲಿಕ್’ ಎಂಬುದನ್ನು ತೆಗೆಯಿರಿ ಎಂದು ಮಹಾಧರ್ಮಾಧ್ಯಕ್ಷರ ಕಚೇರಿ ಸೂಚಿಸಿತು. ಆಕೆ ಸಭೆ ಬಿಡಲಿಲ್ಲ, ಹೆಸರನ್ನೂ ಬಿಡಲಿಲ್ಲ. ಪತ್ರಿಕೆ ಅದೇ ಹೆಸರಿನಲ್ಲಿ ಈಗಲೂ ಬರುತ್ತಿದೆ. ಬೆಲೆ ಇನ್ನೂ ಒಂದು ಸೆಂಟು.