ಕಾಣದ್ದನ್ನು ಬರೆಯುವ ಹಕ್ಕು ಯಾರಿಗಿದೆ?

ಚಿತ್ರ ಬರೆಯುವವನಿಗೆ ಸ್ವಾತಂತ್ರ್ಯವಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ತನ್ನ ಕನಸನ್ನು ಬರೆಯುವಾಗ ಆತ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಆದರೆ ಬಿದ್ದುಹೋದ ಒಂದು ಕಟ್ಟಡವನ್ನು, ಆಗಿಹೋದ ಒಂದು ಕಾಲವನ್ನು 'ಇದು ಹೀಗಿತ್ತು' ಎಂದು ಬರೆದು ತೋರಿಸುವಾಗ ಆತ ಕಲಾವಿದ ಮಾತ್ರನಾಗಿ ಉಳಿಯುವುದಿಲ್ಲ, ಸಾಕ್ಷಿಯೂ ಆಗುತ್ತಾನೆ. ಸಾಕ್ಷಿ ಹೇಳುವವನು ತಾನು ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ಬೇರೆಬೇರೆಯಾಗಿ ಹೇಳಬೇಕಾಗುತ್ತದೆ. ಪೆನ್ಸಿಲು ಹಿಡಿದವನಿಗೂ ಕಂಪ್ಯೂಟರಿನ ಮುಂದೆ ಕುಳಿತವನಿಗೂ ಈ ಧರ್ಮ ಒಂದೇ ಅಲ್ಲವೇ? ಒಂದೇ ಎನ್ನುವುದಾದರೆ ಅದನ್ನು ಪಾಲಿಸುವುದು ಯಾರಿಗೆ ಸುಲಭ, ಯಾರಿಗೆ ಕಷ್ಟ ಎಂದೂ ಕೇಳಬೇಕಾಗಿದೆ.

ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸಬೇಕಾಗಿಲ್ಲ. ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೊರಟರೆ ದಾರಿಯಲ್ಲಿ ಗಾದಿಗನೂರು ಸಿಗುತ್ತದೆ. ಅದರ ಒಂದು ಕಡೆಗೆ ಹಂಪಿಯ ಕಲ್ಲುಗಳಿವೆ. ಇನ್ನೊಂದು ಕಡೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇದೆ. ಆ ಕಾರ್ಖಾನೆಯ ವಿದ್ಯಾನಗರ ಬಡಾವಣೆಯಲ್ಲಿರುವ ಕಲಾಧಾಮದಲ್ಲಿ ಅದೇ ಹಂಪಿ ಬೆಳಕಿನ ರೂಪದಲ್ಲಿ ಕಾಣಸಿಗುತ್ತದೆ. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ 'ಪ್ಲೇಸ್-ಹಂಪಿ' ಎಂಬ ಕೃತಿ 2006ರಿಂದ ಹೊರದೇಶಗಳಲ್ಲಿ ಪ್ರದರ್ಶನಗೊಂಡು ಇಲ್ಲಿಗೂ ಬಂತು. ನೋಡುಗನ ಸುತ್ತ ಹರಡಿದ ಪರದೆಯ ಮೇಲೆ ಹಂಪಿಯ ಬಯಲು ಮೂಡುತ್ತದೆ, ಅದರೊಳಗೆ ಪುರಾಣದ ಪಾತ್ರಗಳು ಚಲಿಸುತ್ತವೆ. ಕಲ್ಲಿನ ಹಂಪಿಗೂ ಬೆಳಕಿನ ಹಂಪಿಗೂ ನಡುವಿನ ದಾರಿಯಲ್ಲಿ ಗಾದಿಗನೂರು ಇದೆ. ನಮ್ಮ ಪ್ರಶ್ನೆಗೂ ಅದೇ ಸರಿಯಾದ ಜಾಗ.

ಒಂದು ರಥ, ಮೂರು ಸತ್ಯ

ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡದ ಕನ್ನಡಿಗರು ಕಡಿಮೆ. 2017ರಿಂದ ಅದು 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಎಲ್ಲರ ಜೇಬಿಗೂ ಬಂದಿದೆ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದಾಗ ಆ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು. ಇಂದು ಅದಿಲ್ಲ. ರಥದ ಮುಂದೆ ಈಗ ನಿಂತಿರುವ ಆನೆಗಳು ಮೂಲದವಲ್ಲ, ಅಲ್ಲಿ ಮೊದಲು ಕುದುರೆಗಳಿದ್ದವು. ಅವುಗಳ ಹಿಂಗಾಲು ಮತ್ತು ಬಾಲದ ಗುರುತುಗಳು ಆನೆಗಳ ಹಿಂದೆ ಈಗಲೂ ಕಾಣಿಸುತ್ತವೆ.

ಹಾಗಾದರೆ ಯಾವ ರಥದ ಚಿತ್ರ ನಿಜವಾದದ್ದು? ಕುದುರೆಗಳಿದ್ದದ್ದೋ, ಶಿಖರವಿದ್ದದ್ದೋ, ನೋಟಿನ ಮೇಲಿರುವುದೋ? ಮೂರೂ ನಿಜವೇ. ಆದರೆ ಪ್ರತಿಯೊಂದರ ಕೆಳಗೆ ಅದರ ಕಾಲ ಬರೆದಿರಬೇಕು. ಕಾಲವನ್ನು ಮರೆಮಾಚಿ 'ಇದೇ ಹಂಪಿಯ ರಥ' ಎಂದಾಗ ಸುಳ್ಳು ಆರಂಭವಾಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಶಿಖರದ ಸಂಗತಿಯನ್ನು ಸಂಶಯವಿಲ್ಲದಂತೆ ಉಳಿಸಿಕೊಟ್ಟದ್ದು ಕ್ಯಾಮೆರಾ, ಅಂದರೆ ಒಂದು ಯಂತ್ರ. ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ 1983ರಲ್ಲಿ ಜಾನ್ ಗೋಲಿಂಗ್ಸ್ ಮತ್ತೆ ಫೋಟೋ ತೆಗೆದಾಗ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ಏನೇನು ಹೋಯಿತು, ಏನೇನು ಸೇರಿತು ಎಂದು ಲೆಕ್ಕ ಹಾಕಲು ಸಾಧ್ಯವಾಯಿತು. ಇನ್ನೊಂದೆಡೆ ವಸಾಹತು ಕಾಲದಲ್ಲಿ ನಮ್ಮ ನಾಡಿಗೆ ಬಂದ ಎಷ್ಟೋ ಚಿತ್ರಕಾರರು ಅಂದಕ್ಕಾಗಿ ಇಲ್ಲದ ಮರವನ್ನು ನೆಟ್ಟರು, ಇಲ್ಲದ ಮೋಡವನ್ನು ತೇಲಿಸಿದರು. ಆದ್ದರಿಂದ ಕೈ ಎಂದರೆ ಸತ್ಯ, ಯಂತ್ರ ಎಂದರೆ ಮೋಸ ಎಂಬ ಭಾವುಕ ಮಾತಿಗೆ ಅರ್ಥವಿಲ್ಲ. ಕೈಯೂ ಸುಳ್ಳು ಹೇಳಬಲ್ಲದು.

ನಿಧಾನ ಕಲಿಸುವ ಪಾಠ

ಆದರೂ ಕೈಗೆ ಒಂದು ಗುಣವಿದೆ. ಅದು ನಿಧಾನ. 1980ರಿಂದ ಸುಮಾರು ಎರಡು ದಶಕಗಳ ಕಾಲ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರ ತಂಡ ಹಂಪಿಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯಿತು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬಿಸಿಲಿನಲ್ಲಿ ಟೇಪು ಹಿಡಿದು, ಗೆರೆ ಎಳೆದು ದುಡಿದರು. ಅಳೆದು ಬರೆಯುವವನ ಕೈ ಕಲ್ಲು ಮುಗಿದಲ್ಲಿ ತಾನೂ ನಿಲ್ಲುತ್ತದೆ. ಮುಂದೆ ಎಳೆಯಬೇಕಾದರೆ ಆತ ಒಂದು ಕ್ಷಣ ತಡೆದು, 'ಇದು ನಾನು ಕಂಡದ್ದೇ?' ಎಂದು ತನ್ನನ್ನು ಕೇಳಿಕೊಳ್ಳಬೇಕಾಗುತ್ತದೆ. ಊಹೆಯಾದರೆ ಚುಕ್ಕಿಗೆರೆ ಹಾಕುತ್ತಾನೆ. ಆ ಚುಕ್ಕಿಗೆರೆ ಚಿತ್ರಕಾರನ ಆತ್ಮಸಾಕ್ಷಿಯ ಗುರುತು.

ಕಂಪ್ಯೂಟರಿನಲ್ಲಿ ಈ ತಡೆ ಇಲ್ಲ. ವಿಠ್ಠಲ ದೇವಾಲಯದ ಮಹಾಮಂಟಪದ 56 ಕಂಬಗಳನ್ನು ಕೈಯಲ್ಲಿ ಬರೆಯುವವನು 56 ಸಲ ನೋಡಬೇಕು. ನೋಡಿದಾಗಲೇ ಒಂದರಂತೆ ಇನ್ನೊಂದಿಲ್ಲ ಎಂಬುದು ತಿಳಿಯುತ್ತದೆ. ತೆರೆಯ ಮುಂದೆ ಕುಳಿತವನು ಒಂದನ್ನು ಬರೆದು ಉಳಿದವನ್ನು ನಕಲು ಮಾಡಿಬಿಡಬಹುದು. ಹಾಗೆ ಮಾಡಲೇಬೇಕೆಂದೇನೂ ಇಲ್ಲ. ಲೇಸರ್ ಕಿರಣದಿಂದ ಕಲ್ಲಿನ ಮೈಯನ್ನು ಅಳೆಯುವ ಉಪಕರಣಗಳು ಮನುಷ್ಯನ ಕಣ್ಣಿಗಿಂತ ಸೂಕ್ಷ್ಮವಾಗಿ ದಾಖಲಿಸುತ್ತವೆ. ನಾಳೆ ಒಂದು ಕಂಬ ಬಿದ್ದರೆ ಅದನ್ನು ಸರಿಯಾಗಿ ನಿಲ್ಲಿಸಲು ಆ ದಾಖಲೆಯೇ ಬೇಕಾಗುತ್ತದೆ. ಆದರೆ ಅಳೆಯುವುದು ಬೇರೆ, ತುಂಬುವುದು ಬೇರೆ. ಅಳತೆ ಮುಗಿದು ಊಹೆ ಶುರುವಾಗುವ ಗಡಿ ತೆರೆಯ ಮೇಲೆ ಕಾಣಿಸುವುದಿಲ್ಲ. ಕಲ್ಲಿಗೆ ಬಳಿದ ಬಣ್ಣವನ್ನೇ ಊಹೆಗೂ ಬಳಿಯಲಾಗಿರುತ್ತದೆ.

ಸರಾಸರಿಯ ಚಿತ್ರ

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಸಮಸ್ಯೆ ಇನ್ನೊಂದು ಹಂತಕ್ಕೆ ಹೋಗಿದೆ. ಈಗ ಗೆರೆ ಎಳೆಯುವವರೇ ಬೇಡ, 'ವಿಜಯನಗರದ ವೈಭವ' ಎಂದು ಟೈಪು ಮಾಡಿದರೆ ಸಾಕು. ಚಿನ್ನದ ಗೋಪುರಗಳು, ನೆಲ ಕಾಣದಷ್ಟು ಜನ, ಸೂರ್ಯಾಸ್ತದ ಆಕಾಶ ಎಲ್ಲವೂ ಕ್ಷಣದಲ್ಲಿ ಮೂಡುತ್ತವೆ. ಇಂಥ ಯಂತ್ರ ಹಂಪಿಗೆ ಬಂದು ನೋಡಿದ್ದಲ್ಲ. ಲಕ್ಷಾಂತರ ಚಿತ್ರಗಳನ್ನು ಅರೆದು ಅವುಗಳಲ್ಲಿ ಹೆಚ್ಚಾಗಿ ಕಂಡದ್ದನ್ನೇ ಅದು ನಮಗೆ ಮರಳಿಸುತ್ತದೆ. ಸರಾಸರಿಯ ಪ್ರಕಾರ ಹಿಂದೂ ಅರಸನ ಆವರಣ ಎಂದರೆ ಗೋಪುರ, ಮಸೀದಿ ಎಂದರೆ ಗುಮ್ಮಟ ಮತ್ತು ಮಿನಾರು.

ಹಂಪಿಯ ಕಲ್ಲುಗಳು ಏನು ಹೇಳುತ್ತವೆ ನೋಡಿ. ಅರಸರ ಆನೆಲಾಯದಲ್ಲಿ ಸಾಲಾಗಿ 11 ಕೋಣೆಗಳಿವೆ, ಅವುಗಳ ಮೇಲೆ ಗುಮ್ಮಟಗಳಿವೆ. ಕಮಲ ಮಹಲಿನ ಗೋಡೆಗಳಲ್ಲಿ ಕಮಾನುಗಳಿವೆ, ಮೇಲ್ಗಡೆ ದೇವಾಲಯದ ಶಿಖರದಂತಹ ಮಾಡುಗಳಿವೆ. ಇನ್ನು ಎರಡನೇ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹ್ಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಕಟ್ಟಡವನ್ನು ನೋಡಿದರೆ ಅದಕ್ಕೆ ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ. ಕಲ್ಲುಕಂಬಗಳ ಮೇಲೆ ಸಮತಟ್ಟಾದ ಮಾಡು ಹೊತ್ತ ಮಂಟಪದಂತಿದೆ. ಅದರ ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ, ವಿದ್ವಾಂಸರು ಮಸೀದಿ ಎಂದು ಗುರುತಿಸಿದ್ದಾರೆ. ಅರಸನ ಅಂಗಳದಲ್ಲಿ ಗುಮ್ಮಟ, ಮುಸ್ಲಿಮರ ಕೇರಿಯಲ್ಲಿ ಮಂಟಪ! ಸರಾಸರಿಯ ಯಂತ್ರಕ್ಕೆ ಇದು ಹೊಳೆಯುವ ಸಂಗತಿಯಲ್ಲ. ಅದು ಗುಮ್ಮಟವನ್ನು ಅರಮನೆಯಿಂದ ಕಿತ್ತು ಮಸೀದಿಯ ಮೇಲಿಡುವ ಸಂಭವವೇ ಹೆಚ್ಚು. ಆಗ ಹಂಪಿಯ ಜನ ಒಬ್ಬರಿಂದೊಬ್ಬರು ಕಲಿತು, ಕೊಟ್ಟು, ಪಡೆದು ಬದುಕಿದ್ದರ ಕಲ್ಲಿನ ಪುರಾವೆಯೇ ಚಿತ್ರದಿಂದ ಮಾಯವಾಗುತ್ತದೆ. ಯಾರೂ ದ್ವೇಷದಿಂದ ಬರೆದದ್ದಲ್ಲ, ಆದರೂ ಎರಡು ಸಮುದಾಯಗಳ ನಡುವೆ ಗೋಡೆ ಏಳುತ್ತದೆ. ಇದು ಕೇವಲ ಸೌಂದರ್ಯದ ಪ್ರಶ್ನೆಯಾಗಿ ಉಳಿಯುವುದೇ?

ಯಾರನ್ನು ಕೇಳೋಣ?

2000ದ ದಶಕದಲ್ಲಿ ಸಂಡೂರು-ಹೊಸಪೇಟೆ ಸೀಮೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಹಗಲಿರುಳು ಓಡಿದವು. ಲಾರಿಯ ಹಲಗೆಯ ಮೇಲೆ ಹೂವು, ನವಿಲು, ಮಾಲೀಕನ ಹೆಸರು ಬರೆಯುವವರು, ಅಂಗಡಿಯ ಬೋರ್ಡು ಬರೆಯುವವರು ಬಣ್ಣದ ಡಬ್ಬಿ ಮತ್ತು ಬ್ರಷ್ಷಿನಿಂದಲೇ ಸಂಸಾರ ಸಾಗಿಸುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಹೆಚ್ಚಿನ ಪಾಲು ಹೋಯಿತು. ದುಡಿಮೆಯ ಪ್ರಶ್ನೆ ಸಣ್ಣದಲ್ಲ, ಅದಕ್ಕೆ ಬೇರೆಯದೇ ಲೇಖನ ಬೇಕು. ಇಲ್ಲಿ ಒಂದೇ ಅಂಶ ಸಾಕು. ಬೋರ್ಡು ಬರೆದವನು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತನ್ನ 'ಆರ್ಟ್ಸ್'ನ ಹೆಸರು ಹಾಕುತ್ತಿದ್ದ. ಅದು ಜಾಹೀರಾತು ಹೌದು, ಜವಾಬ್ದಾರಿಯೂ ಹೌದು. ಕಾಗುಣಿತ ತಪ್ಪಿದರೆ ಯಾರನ್ನು ಕೇಳಬೇಕೆಂದು ಊರಿಗೆ ಗೊತ್ತಿತ್ತು. ಇಂದು ಫೋನಿನಿಂದ ಫೋನಿಗೆ ಹಾರುವ ಚಿತ್ರದ ಮೂಲೆಯಲ್ಲಿ ಯಾರ ಹೆಸರಿದೆ?

ಯಂತ್ರ ಮತ್ತು ಕೈ ಗೌರವದಿಂದ ಜೊತೆಗೂಡಿದ ಉದಾಹರಣೆಗಳೂ ಇವೆ. ಉರ್ದುವಿನ ನಸ್ತಾಲೀಕ್ ಲಿಪಿಯಲ್ಲಿ ಅಕ್ಷರಗಳು ಒಂದಕ್ಕೊಂದು ಇಳಿಜಾರಾಗಿ ಹೆಣೆದುಕೊಳ್ಳುವುದರಿಂದ ಅದನ್ನು ಅಚ್ಚಿನ ಮೊಳೆಗೆ ಒಗ್ಗಿಸುವುದು ಕಷ್ಟವಾಗಿತ್ತು. ಕಾತಿಬರು ಕೈಯಲ್ಲಿ ಬರೆದದ್ದನ್ನೇ ಮುದ್ರಿಸುತ್ತಿದ್ದರು. ಮಿರ್ಜಾ ಅಹ್ಮದ್ ಜಮೀಲ್ ಸುಮಾರು 20,000 ಅಕ್ಷರಜೋಡಣೆಗಳನ್ನು ರೂಪಿಸಿಕೊಟ್ಟ ಮೇಲೆ, 1981ರ ಹೊತ್ತಿಗೆ ನೂರಿ ನಸ್ತಾಲೀಕ್ ಕಂಪ್ಯೂಟರಿಗೆ ಬಂತು. ಅಲ್ಲಿ ಯಂತ್ರದೊಳಗೆ ಒಬ್ಬ ಮನುಷ್ಯನ ಕೈ ಇದೆ, ಆ ಕೈಗೆ ಹೆಸರೂ ಇದೆ. ಈಗಿನ ಚಿತ್ರಯಂತ್ರಗಳೊಳಗೂ ಲಕ್ಷಾಂತರ ಜನರ ಕೈಗಳಿವೆ. ಅವರ ಹೆಸರು ಹೇಳುವವರಿಲ್ಲ, ಅವರ ಒಪ್ಪಿಗೆ ಕೇಳಿದವರೂ ವಿರಳ. ವ್ಯತ್ಯಾಸ ತಂತ್ರಜ್ಞಾನದ್ದಲ್ಲ, ನ್ಯಾಯದ್ದು.

'ಮುರಿದ ಕಲ್ಲು ಎಲ್ಲರೊಡನೆ ಮಾತನಾಡುವುದಿಲ್ಲ, ಶಾಲೆಯ ಮಗುವಿಗೆ ಪೂರ್ಣ ಚಿತ್ರ ತೋರಿಸಿದರೆ ತಪ್ಪೇನು?' ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ಊಹೆಯಿಲ್ಲದೆ ಇತಿಹಾಸವನ್ನು ಪ್ರೀತಿಸಲು ಯಾರಿಗೂ ಸಾಧ್ಯವಿಲ್ಲ. ಆದರೆ ಊಹೆಯನ್ನು ಊಹೆಯೆಂದೇ ಕೊಡಬೇಕು. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹಳೆಯದರಿಂದ ಬೇರೆಯಾಗಿ ಗುರುತು ಸಿಗಬೇಕು ಎನ್ನುತ್ತದೆ. ಕಂಪ್ಯೂಟರ್ ಚಿತ್ರಗಳಿಗೂ ಇದೇ ಬಗೆಯ ನೀತಿಯನ್ನು 2006ರಿಂದ ಲಂಡನ್ ಸನ್ನದು ಮುಂದಿಟ್ಟಿದೆ. ನಿಯಮಗಳ ಕೊರತೆ ನಮಗಿಲ್ಲ. ಊಹೆಯ ಭಾಗಕ್ಕೆ ತೆಳುಬಣ್ಣ ಹಾಕುವುದು, ಕೆಳಗೊಂದು ಸಾಲು ಬರೆಯುವುದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಬೇಕಾದದ್ದು 'ನನಗೆ ಗೊತ್ತಿಲ್ಲ' ಎನ್ನುವ ವಿನಯ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅರಮನೆಯಲ್ಲಿ ತಾನು ಕಂಡ ಚಿತ್ರಗಳ ಬಗ್ಗೆ ಬರೆದಿದ್ದಾನೆ. ಊರಿಗೆ ಬಂದ ನಾನಾ ದೇಶದ ಜನರ ಬದುಕಿನ ರೀತಿಯನ್ನು, ಪೋರ್ಚುಗೀಸರದ್ದನ್ನೂ ಸೇರಿಸಿ, ಅಲ್ಲಿ ಚಿತ್ರಿಸಲಾಗಿತ್ತಂತೆ. ಹೊರಗಿನವರು ಹೇಗೆ ಬಾಳುತ್ತಾರೆಂದು ಅರಮನೆಯ ಹೆಂಗಸರು ತಿಳಿಯಲಿ ಎಂಬುದು ಉದ್ದೇಶ. ಪರರನ್ನು ಅರಿಯಲು ಬರೆದ ಆ ಚಿತ್ರಗಳು ಇಂದಿಲ್ಲ, ಬರೆದವರ ಹೆಸರೂ ಉಳಿದಿಲ್ಲ. ನಾಳೆ ಯಾರಾದರೂ ಆ ಅರಮನೆಯನ್ನು ತೆರೆಯ ಮೇಲೆ ಎಬ್ಬಿಸಿದಾಗ ಆ ಗೋಡೆಗಳ ಮೇಲೆ ಏನು ಬರೆಯಬೇಕು? ಯಂತ್ರವನ್ನು ಕೇಳಿದರೆ ಅದು ತಕ್ಷಣ ತುಂಬಿಕೊಡುತ್ತದೆ. ಗೋಡೆಯನ್ನು ಖಾಲಿ ಬಿಟ್ಟು, ಇಲ್ಲಿ ನಮ್ಮ ಹಿರಿಯರು ಅನ್ಯರ ಬದುಕನ್ನು ಚಿತ್ರಿಸಿದ್ದರು ಎಂದು ಒಂದು ಸಾಲು ಬರೆದರೆ ಮಕ್ಕಳು ಹೆಚ್ಚು ಕಲಿತಾರು.